ಕುಕ್ಕರ್ ಸಾಮ್ರಾಟರ ಮೊದಲ ಸ್ಥಾನ

ರಾಣೆಬೆನ್ನೂರಿನಲ್ಲಿ ಗದಿಗೆಪ್ಪನವರದು ಕುಕ್ಕರ್ ರಿಪೇರಿ ಅಂಗಡಿ. ಕೆಲಸ ಅಚ್ಚುಕಟ್ಟು, ಆದರೆ ಗಿರಾಕಿಗಳು ಕಡಿಮೆಯಾಗುತ್ತಿದ್ದರು. ಅದಕ್ಕೇ ಅಂಗಡಿಯ ಗುಮಾಸ್ತೆ ಹಸೀನಾ ಒಂದು ವೆಬ್‌ಸೈಟ್ ಮಾಡಿದಳು.

"ಅದರ ತುಂಬ 'ಕುಕ್ಕರ್ ಸಾಮ್ರಾಟ ಗದಿಗೆಪ್ಪ' ಅಂತ ಬರಿ. ಗೂಗಲ್‌ನ್ಯಾಗ ನಾನ ಮೊದಲ ಬರಬೇಕು. ಇಲ್ಲಾಂದ್ರ ಬ್ಯಾರೆ ಕೆಲಸ ನೋಡ್ಕೋ," ಎಂದರು ಗದಿಗೆಪ್ಪ.

ಹಸೀನಾ ಹಾಗೆಯೇ ಬರೆದಳು. ವಾರದೊಳಗೆ ಆ ಬಿರುದನ್ನು ಹುಡುಕಿದರೆ ಅವರೇ ಮೊದಲು ಬಂದರು. ಗದಿಗೆಪ್ಪ ಅಕ್ಕಪಕ್ಕದ ಅಂಗಡಿಯವರಿಗೆಲ್ಲ ಫೋನು ತೋರಿಸಿ ಬಂದರು. ಗಿರಾಕಿ ಮಾತ್ರ ಒಬ್ಬರೂ ಹೆಚ್ಚಲಿಲ್ಲ.

"ಮೊದಲ ಬಂದ್ರೂ ಯಾಕ ಯಾರೂ ಬರವಲ್ರು?" ಎಂದು ಕೇಳಿದರು.

ಹಸೀನಾ ವೆಬ್‌ಸೈಟ್‌ನ ಲೆಕ್ಕ ತೆರೆದು ನೋಡಿದಳು. "ಆ ಹೆಸರನ್ನ ಈ ತಿಂಗಳು ನಲವತ್ತು ಸಲ ಹುಡುಕ್ಯಾರ್ರೀ. ನೀವು ಎಷ್ಟು ಸಲ ಹುಡುಕಿದ್ರಿ?"

ಗದಿಗೆಪ್ಪ ಬೆರಳು ಎಣಿಸಿದರು. "ಮೂವತ್ತೆಂಟು ಇರಬೇಕು."

"ಉಳಿದ ಎರಡು ನಂದ್ರೀ, ಬಂತೋ ಇಲ್ಲೋ ನೋಡಾಕ."

ಗದಿಗೆಪ್ಪ ಫೋನನ್ನು ಜೇಬಿಗಿಳಿಸಿದರು. ಹಸೀನಾ ಮೆಲ್ಲಗೆ ಕೇಳಿದಳು, "ಮನ್ಯಾಗ ಕುಕ್ಕರ್ ಕೆಟ್ರ ನಿಮ್ಮ ಮನೆಯವರು ಏನಂತಾರ್ರೀ?"

"ಇದು ಸೀಟಿ ಯಾಕ ಹೊಡಿವಲ್ದು ಅಂತಾಳ."

"ಜನ ಗೂಗಲ್‌ನ್ಯಾಗೂ ಅದನ್ನ ಕೇಳ್ತಾರ್ರೀ."

ಅಂದೇ ಹಸೀನಾ ಆ ಪ್ರಶ್ನೆಯನ್ನು ತಲೆಬರಹ ಮಾಡಿ, ಗದಿಗೆಪ್ಪ ಹೇಳಿದ ಉತ್ತರವನ್ನು ಕೆಳಗೆ ಬರೆದಳು. ತಿಂಗಳೊಪ್ಪತ್ತಿನಲ್ಲಿ ಆ ಪುಟ ಮೇಲೇರಿತು.

ಹಾವೇರಿಯಿಂದ ಅಜ್ಜಿಯೊಬ್ಬರು ಕುಕ್ಕರ್ ಹಿಡಿದು ಬಂದರು. "ಸೀಟಿ ಹೊಡೆಸೋರು ಯಾರಪಾ ಇಲ್ಲಿ?"

ಸಾಮ್ರಾಟರು ಕುರ್ಚಿ ಬಿಟ್ಟೆದ್ದು ಎರಡೂ ಕೈ ಚಾಚಿದರು. "ನಾನ ಬೇ ಯವ್ವಾ, ಕೊಡ್ರಿ."