ಒಂದೇ ಸಲ ಹೇಳುವ ಅರಸ

"ಹೇಳಿದ್ದನ್ನೇ ಮತ್ತೆ ಹೇಳುವವನು ಸಂತೆಯಲ್ಲಿ ಸೊಪ್ಪು ಮಾರಬೇಕು, ಸಿಂಹಾಸನದ ಮೇಲೆ ಕೂರಬಾರದು. ನಾನು ಏನನ್ನೇ ಆದರೂ ಹೇಳುವುದು ಒಂದೇ ಸಲ."

ಇದು ಶಂಖಪುರದ ಹೊನ್ನರಸನ ಜಂಬ. ಊಟಕ್ಕೆ ಕೂತಾಗ ಉಪ್ಪು ಕೇಳಿದ್ದು ಬಡಿಸುವವರ ಕಿವಿಗೆ ಬೀಳದಿದ್ದರೆ, ಅರಸ ಸಪ್ಪೆ ಸಾರನ್ನೇ ಉಂಡು ಎದ್ದುಬಿಡುತ್ತಿದ್ದ. ಇನ್ನೊಮ್ಮೆ ಮಾತ್ರ ಕೇಳುತ್ತಿರಲಿಲ್ಲ.

ಶಂಖಪುರ ಕಡಲ ದಂಡೆಯ ಊರು. ಬಂದರಿಗೆ ದೇಶದೇಶದ ಹಡಗುಗಳು ಬರುತ್ತಿದ್ದವು. ಬಂದವರ ಮಾತನ್ನು ಅರಸನಿಗೆ, ಅರಸನ ಮಾತನ್ನು ಅವರಿಗೆ ತಿಳಿಸಲು ಆಸ್ಥಾನದಲ್ಲಿ ಒಬ್ಬ ದುಭಾಷಿ ಇದ್ದ, ದೂಮಪ್ಪ ಅಂತ. ಹರೆಯದಲ್ಲಿ ಹಡಗು ಹತ್ತಿ ದೂರದ ಬಂದರುಗಳಲ್ಲಿ ದುಡಿದು ನಾಲ್ಕು ಭಾಷೆ ಕಲಿತಿದ್ದ. ಹೋಗುವಾಗಲೂ ಬರುವಾಗಲೂ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡಿದ್ದ. ಇನ್ನು ಸತ್ತರೂ ಹಡಗು ಹತ್ತುವುದಿಲ್ಲ ಎಂದು ಆಣೆ ಇಟ್ಟುಕೊಂಡಿದ್ದ.

ಆ ವರ್ಷ ಇಬ್ಬರು ವರ್ತಕರು ಬಂದಿದ್ದರು. ಒಬ್ಬರು ಚೀನಾದಿಂದ ರೇಷ್ಮೆ ತಂದ ಹಿರಿಯ ಲಿನ್. ಇನ್ನೊಬ್ಬ ಪಶ್ಚಿಮದ ಪರಂಗಿ, ದುವಾರ್ತೆ. ವ್ಯಾಪಾರ ಮುಗಿದು ಇಬ್ಬರೂ ಹೊರಡುವ ಮುನ್ನಾದಿನ ಅರಸ ಅವರನ್ನು ಕರೆಸಿ ಉಡುಗೊರೆ ಕೊಡಲು ನಿಂತ.

ಮೊದಲು ಪರಂಗಿ. ಅರಸ ಪೆಟ್ಟಿಗೆ ಚಾಚಿದ್ದೇ ತಡ, ಅವನು ಇಸಿದುಕೊಂಡು, ಸುತ್ತಿದ ಬಟ್ಟೆಯನ್ನು ಅಲ್ಲೇ ಬಿಚ್ಚಿ, ಒಳಗಿದ್ದ ಉಂಗುರವನ್ನು ಬೆರಳಿಗೆ ತೂರಿಸಿ, ಬಾಗಿಲು ಕಾಯುವವನಿಗೂ ತೋರಿಸಿ ಬಂದ. ಅರಸನಿಗೆ ನಗು ತಡೆಯಲಾಗಲಿಲ್ಲ.

ಆಮೇಲೆ ಲಿನ್. ಅರಸ ಗಂಧದ ಪೆಟ್ಟಿಗೆಯನ್ನು ಮುಂದೆ ಹಿಡಿದು, "ಈ ಮುತ್ತಿನ ಹಾರ ಸ್ವೀಕರಿಸಿ" ಎಂದ.

ಲಿನ್ ಎರಡು ಹೆಜ್ಜೆ ಹಿಂದೆ ಸರಿದು ಸೊಂಟ ಬಗ್ಗಿಸಿದರು. "ಬೇಡ, ಬೇಡ. ಇಂಥದ್ದಕ್ಕೆ ನಾನು ಯೋಗ್ಯನಲ್ಲ."

ದೂಮಪ್ಪ ಇದನ್ನು ಹೇಳಿದಾಗ ಅರಸನ ಮುಖ ಹುಳಿ ತಿಂದಂತಾಯಿತು. ಪೆಟ್ಟಿಗೆ ಒಳಕ್ಕೆ ಹೋಯಿತು. ಲಿನ್ ಮುಖವೂ ಬಾಡಿತು. ಹೊರಗೆ ಬಂದು ಅವರು ದೂಮಪ್ಪನೊಂದಿಗೆ ಹೇಳಿಕೊಂಡರು: "ನಿಮ್ಮ ಅರಸರಿಗೆ ಕೊಡುವ ಮನಸ್ಸೇ ಇರಲಿಲ್ಲ. ಇದ್ದಿದ್ದರೆ ಇನ್ನೊಂದು ಸಲ ಕೇಳುತ್ತಿದ್ದರು. ಬರುವ ವರ್ಷ ಬೇರೆ ಬಂದರು ನೋಡಿಕೊಳ್ಳುತ್ತೇನೆ."

ಮರುದಿನ ಬೆಳಿಗ್ಗೆ ಅರಸ ದೂಮಪ್ಪನನ್ನು ಕರೆದು ಗುಡುಗಿದ. "ನನ್ನ ಕೈಯ ಹಾರವನ್ನು ಬೇಡ ಅಂದನಲ್ಲ, ಇದೆಂಥ ಸೊಕ್ಕು?"

"ಸೊಕ್ಕಲ್ಲ ಪ್ರಭು, ಮರ್ಯಾದೆ. ಕೊಟ್ಟದ್ದನ್ನು ಕೂಡಲೇ ತೆಗೆದುಕೊಂಡರೆ ಅವರಲ್ಲಿ ಆಸೆಬುರುಕ ಅನ್ನುತ್ತಾರೆ. ಎರಡು ಸಲ ಬೇಡ ಅಂದು ಮೂರನೆಯ ಸಲಕ್ಕೆ ಕೈ ಚಾಚುತ್ತಾರೆ. ಪರಂಗಿಗಳಲ್ಲಿ ಬೇಡ ಅಂದರೆ ಬೇಡ, ಬೇಕು ಅಂದರೆ ಬೇಕು. ತಾವು ಇನ್ನೆರಡು ಸಲ ಹೇಳಿದರೆ..."

"ಹೇಳುವುದಿಲ್ಲ."

"ತಮ್ಮ ಪರವಾಗಿ ನಾನೇ ಹೇಳಿದರೆ?"

"ಸಾಲುತ್ತದೆಯೇ?"

"ಇಲ್ಲ ಪ್ರಭು. ಕೊಡುವವರ ಬಾಯಿಂದಲೇ ಬರಬೇಕು."

"ಹಾಗಾದರೆ ಕೇಳು. ಮಧ್ಯಾಹ್ನ ಉಬ್ಬರಕ್ಕೆ ಅವನ ಹಡಗು ಹೊರಡುತ್ತದೆ. ಅಷ್ಟರಲ್ಲಿ ಅವನು ಹಾರ ತೆಗೆದುಕೊಳ್ಳಬೇಕು. ನಾನು ಎರಡನೆಯ ಸಲ ಹೇಳುವುದಿಲ್ಲ. ಆಗದಿದ್ದರೆ ಅದೇ ಹಡಗಿನಲ್ಲಿ ನೀನೂ ಚೀನಾಕ್ಕೆ ನಡೆ."

ದೂಮಪ್ಪನಿಗೆ ನೆಲದ ಮೇಲೆ ನಿಂತಲ್ಲೇ ತಲೆ ಸುತ್ತಿತು. ಕಂಬ ಹಿಡಿದುಕೊಂಡು ಒಂದು ಗಳಿಗೆ ಯೋಚಿಸಿದ. ಆಮೇಲೆ ಬಂದರಿಗೆ ಓಡಿ, ಕೊನೆಯ ನಮಸ್ಕಾರ ಹೇಳಿ ಹೋಗಿ ಎಂದು ಲಿನ್‌ರನ್ನು ಒಪ್ಪಿಸಿ ಕರೆತಂದ. ಉಂಗುರದ ಕೈ ಬೀಸುತ್ತ ಪರಂಗಿಯೂ ಹಿಂದೆಯೇ ಬಂದ. ಸಭೆಯಲ್ಲಿ ಗಂಧದ ಪೆಟ್ಟಿಗೆ ಅರಸನ ತೊಡೆಯ ಮೇಲಿತ್ತು.

ದೂಮಪ್ಪ ಕೈಮುಗಿದ. "ಪ್ರಭು, ನಿನ್ನೆ ನನ್ನಿಂದ ದೊಡ್ಡ ತಪ್ಪಾಯಿತೋ ಏನೋ. ತಾವು 'ಈ ಹಾರ ನೋಡಿ' ಅಂದಿರಂತೆ. ನಾನು ತಪ್ಪಾಗಿ ಕೇಳಿಸಿಕೊಂಡು ಇವರಿಗೆ ಬೇರೇನೋ ಹೇಳಿಬಿಟ್ಟೆನಂತೆ."

"ನೋಡಿ ಅಂದೆನೇ? ತೋರಿಸಿ ಒಳಗಿಟ್ಟುಕೊಳ್ಳಲು ನಾನೇನು ಜಿಪುಣನೇ?" ಅರಸ ಪೆಟ್ಟಿಗೆ ಎತ್ತಿ ಹಿಡಿದ. "ನಾನು ಅಂದದ್ದು, 'ಈ ಮುತ್ತಿನ ಹಾರ ಸ್ವೀಕರಿಸಿ'."

ಆ ಕೊನೆಯ ಮಾತನ್ನು ದೂಮಪ್ಪ ತಟ್ಟನೆ ಲಿನ್‌ರಿಗೆ ಹೇಳಿದ. ಲಿನ್ ಕಣ್ಣು ಅರಳಿತು. ಆದರೂ ಅವರು ಹಿಂದೆ ಸರಿದರು, ಈ ಸಲ ಒಂದೇ ಹೆಜ್ಜೆ. "ಬೇಡ, ನನಗೆ ಇದು ಅತಿಯಾಯಿತು."

ದೂಮಪ್ಪ ಗಾಬರಿ ನಟಿಸುತ್ತ ಅರಸನ ಹತ್ತಿರ ಬಗ್ಗಿದ. "ಪ್ರಭು, ಕ್ಷಮಿಸಬೇಕು. ತಾವು ಈಗ ಎರಡನೆಯ ಸಲ ಹೇಳಿದಂತಾಯಿತಲ್ಲ?"

ಅರಸ ಎದ್ದೇ ನಿಂತ. "ಯಾರು ಎರಡನೆಯ ಸಲ ಹೇಳಿದ್ದು? ನಿನ್ನೆ ಏನಂದೆ ಎಂಬುದನ್ನು ತಿಳಿಸಿದೆ, ಅಷ್ಟೇ. 'ಈ ಮುತ್ತಿನ ಹಾರ ಸ್ವೀಕರಿಸಿ' ಎಂದು ನಾನು ಹೇಳಿದ್ದು ಒಂದೇ ಸಲ."

ದೂಮಪ್ಪ ತಿರುಗಿ, ಅರಸನಷ್ಟೇ ಗಟ್ಟಿಯಾಗಿ, ಹಾರ ಸ್ವೀಕರಿಸಿ ಎಂಬಷ್ಟನ್ನೇ ಚೀನೀ ಮಾತಿನಲ್ಲಿ ಹೇಳಿದ.

ಲಿನ್ ಮುಂದೆ ಬಂದು, ನೆಲಕ್ಕೆ ತಲೆ ತಾಗುವಷ್ಟು ಬಗ್ಗಿ, ಎರಡೂ ಕೈಯಲ್ಲಿ ಪೆಟ್ಟಿಗೆ ತೆಗೆದುಕೊಂಡರು. ಅದನ್ನು ತೆರೆಯದೆ ನಿಲುವಂಗಿಯ ಅಗಲದ ತೋಳಿನೊಳಗೆ ಸೇರಿಸಿದರು. ಪರಂಗಿ ಮಾತ್ರ ಒಳಗೇನಿದೆಯೋ ಎಂದು ಕತ್ತು ಉದ್ದ ಮಾಡಿದ.

"ತೆರೆದೂ ನೋಡಲಿಲ್ಲವಲ್ಲ" ಎಂದು ಅರಸ ಗೊಣಗಿದ.

"ಕೊಟ್ಟವರೆದುರು ತೆರೆದರೆ ಬೆಲೆ ಅಳೆದಂತೆ, ಪ್ರಭು. ಇವರು ಹಾಗೆ ತಿಳಿಯುತ್ತಾರೆ. ತೆರೆಯದಿದ್ದರೆ ಕೊಟ್ಟವರಿಗೆ ಬೇಸರ ಎಂದು ಪರಂಗಿ ತಿಳಿಯುತ್ತಾನೆ. ಇಬ್ಬರೂ ಕೊಟ್ಟವರ ಮನಸ್ಸನ್ನೇ ನೋಡುತ್ತಿರುವುದು."

ಅರಸನ ಹೆಬ್ಬೆರಳು ಬೆರಳುಗಳ ಮೇಲೆ ಒಂದು, ಎರಡು, ಮೂರು ಎಂದು ಓಡಾಡಿತು.

"ದೂಮಪ್ಪ, ನನ್ನ ಬಾಯಿಂದ ಮೂರು ಸಲ ಹೇಳಿಸಿದೆಯಲ್ಲೋ."

"ಎಲ್ಲಾದರೂ ಉಂಟೇ ಪ್ರಭು? ತಾವು ಹೇಳಿದ್ದು ಒಂದೇ ಸಲ. ಉಳಿದ ಎರಡು ಸಲ, ಹೇಳಿದ್ದು ಒಂದೇ ಸಲ ಅಂತ ಹೇಳಿದಿರಿ."

ಹೊನ್ನರಸ ಕಿರೀಟ ಓರೆಯಾಗುವಷ್ಟು ನಕ್ಕ. ಏನೊಂದೂ ಅರ್ಥವಾಗದ ಪರಂಗಿ ಅವನಿಗಿಂತ ಜೋರಾಗಿ ನಕ್ಕ. ಲಿನ್ ತೋಳಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಅರಸ ಹೆಗಲಿನ ಜರಿಶಾಲು ತೆಗೆದು ದೂಮಪ್ಪನ ಕಡೆ ಚಾಚಿದ. ದೂಮಪ್ಪ ಬೇಡ ಅನ್ನುವ ಗೋಜಿಗೇ ಹೋಗದೆ ಅದನ್ನು ತಗೊಂಡು, ನಿಂತಲ್ಲೇ ಹೊದ್ದುಕೊಂಡ.