ಬೆಂಕಿಗೆರೆ ಮತ್ತು ಕೆಂಚಪ್ಪನ ಊಳು

ಒಂದು ಕಾಡಿನಲ್ಲಿ, ಮಳೆ ಕಡಿಮೆ, ಹುಲ್ಲು ಜಾಸ್ತಿ ಇದ್ದ ಕಾಡಿನಲ್ಲಿ, ದೊಡ್ಡಯ್ಯ ಎಂಬ ಕಾಡುಕೋಣ ಮುಖಂಡನಾಗಿದ್ದ. ಮುಖಂಡ ಎಂದ ಕೂಡಲೇ ತಪ್ಪೇ ಮಾಡದವನು ಎಂದುಕೊಳ್ಳಬೇಡಿ. ಅವನು ಸಭೆಯ ನಡುವೆಯೇ ನಿದ್ದೆ ಹೋಗುತ್ತಿದ್ದ. ಎಬ್ಬಿಸಿದರೆ ವಿಷಯ ಏನೆಂದು ಕೇಳದೆ "ಆಗಲಿ" ಎಂದು ತಲೆಯಾಡಿಸುತ್ತಿದ್ದ. ಆದರೆ ಒಂದು ಕೆಲಸವನ್ನು ಮಾತ್ರ ಹಟ ಹಿಡಿದು ಮಾಡಿಸಿದ್ದ. ಪ್ರತಿವರ್ಷ ಬೇಸಿಗೆಗೆ ಮೊದಲು ಎಲ್ಲರೂ ಸೇರಿ ಕಾಡಿನ ಸುತ್ತ ಹತ್ತು ಮಾರು ಅಗಲಕ್ಕೆ ಹುಲ್ಲು ಕೆರೆದು ಬರಿ ಮಣ್ಣು ಮಾಡಬೇಕಿತ್ತು. ಹೊರಗಿನಿಂದ ಬಂದ ಬೆಂಕಿ ಅಲ್ಲಿ ತಿನ್ನಲು ಏನೂ ಸಿಗದೆ ಆರಿಹೋಗುತ್ತಿತ್ತು. ಅದನ್ನು ಬೆಂಕಿಗೆರೆ ಎನ್ನುತ್ತಿದ್ದರು. ಹಿಂದೆ ವರ್ಷ ವರ್ಷವೂ ಸುಡುತ್ತಿದ್ದ ಕಾಡು ಐದು ಬೇಸಿಗೆಗಳಿಂದ ಸುಟ್ಟಿರಲಿಲ್ಲ.

ಕಾಡಿನ ಪಡುವಣ ಅಂಚಿನಲ್ಲಿ ಕೆಂಚಪ್ಪ ಎಂಬ ನರಿ ಇದ್ದ. ಹೆಂಡತಿ ಸುಬ್ಬಿ, ಇನ್ನೂ ಸರಿಯಾಗಿ ಕಣ್ಣು ಬಿಡದ ಎರಡು ಮರಿಗಳು ಅವನ ಸಂಸಾರ. ದೊಡ್ಡಯ್ಯನ ಜಾಗದ ಮೇಲೆ ಅವನ ಕಣ್ಣು. ದಿನಾ ಮುಸ್ಸಂಜೆ ಬಂಡೆ ಹತ್ತಿ ದೊಡ್ಡಯ್ಯನನ್ನು ಬೈದು ಊಳಿಡುತ್ತಿದ್ದ. ನರಿಗಳ ಪದ್ಧತಿ ನಿಮಗೆ ಗೊತ್ತಲ್ಲ. ಒಂದು ಶುರುಮಾಡಿದರೆ ಸಾಕು, ಉಳಿದವೆಲ್ಲ ಕೂತಲ್ಲಿಂದಲೇ ದನಿ ಸೇರಿಸುತ್ತವೆ. ಯಾಕೆ ಎಂದು ಕೇಳುವ ಪದ್ಧತಿ ಅವುಗಳಲ್ಲಿ ಇರಲಿಲ್ಲ.

ಮಳೆ ಬಂದರೆ ಕೆಂಚಪ್ಪ "ಮೋಡದ ದಯೆ" ಎನ್ನುತ್ತಿದ್ದ. ಮಳೆ ಬಾರದಿದ್ದರೆ "ದೊಡ್ಡಯ್ಯನ ಪಾಪ" ಎನ್ನುತ್ತಿದ್ದ.

ಆ ವರ್ಷ ಹುಲ್ಲು ಕೆರೆಯುವ ಸಭೆ ಸೇರಿತು. ದೊಡ್ಡಯ್ಯ ಎಂದಿನಂತೆ ತೂಕಡಿಸುತ್ತಿದ್ದ. ಕೆಂಚಪ್ಪ ಎದ್ದು ನಿಂತ.

"ಐದು ವರ್ಷದಿಂದ ಕಾಡಿಗೆ ಬೆಂಕಿ ಬಂತಾ?" ಎಂದು ಕೇಳಿದ.

"ಇಲ್ಲ" ಎಂದವು ನರಿಗಳು.

"ಬಾರದ ಬೆಂಕಿಗೆ ಗೆರೆ ಯಾಕ್ರಪ್ಪಾ? ಬೆನ್ನು ಮುರಿಯೋದು ನಮ್ಮದು, ಹೆಸರು ಅವನದು. ಬೇಕಿದ್ದರೆ ಮುಳ್ಳುಹಂದಿಯಜ್ಜಿನ ಕೇಳಿ. ಈ ಗೆರೆಯಿಂದ ಅವಳ ಬಿಲಾನೇ ಹೋಯಿತು."

ಮುಳ್ಳುಹಂದಿಯಜ್ಜಿ ಮುಂದೆ ಬಂದಳು. ಮೊದಲ ವರ್ಷ ಗೆರೆ ಕೆರೆಯುವಾಗ ದೊಡ್ಡಯ್ಯ ಅವಳ ಬಿಲದ ಮೇಲೆ ಕಾಲಿಟ್ಟು ಕುಸಿಯುವಂತೆ ಮಾಡಿದ್ದ. ಸರಿಮಾಡಿಸುತ್ತೇನೆ ಎಂದವನು ಮರೆತೇಬಿಟ್ಟಿದ್ದ. ಅವಳು ಸಿಕ್ಕಸಿಕ್ಕಲ್ಲಿ ಅವನನ್ನು ಬೈಯುತ್ತಿದ್ದಳು.

"ಬಿಲ ಕೆಡಿಸಿದವನು ಇವನೇ. ಅದಕ್ಕೆ ಇವತ್ತೂ ಬೈತೀನಿ, ನಾಳೆನೂ ಬೈತೀನಿ" ಎಂದಳು ಅಜ್ಜಿ. "ಆದರೆ ನನ್ನ ಮೊದಲ ಎರಡು ಮರಿ ಬೆಂಕೀಲಿ ಹೋದವು. ಗೆರೆ ಬಂದಮೇಲೆ ಹುಟ್ಟಿದವು ಬದುಕಿವೆ. ಅದನ್ನೂ ಹೇಳ್ತೀನಿ."

ಕೆಂಚಪ್ಪನಿಗೆ ಮೊದಲರ್ಧ ಸಾಕಾಗಿತ್ತು. "ಕೇಳಿದಿರಲ್ಲ, ಅಜ್ಜಿಯೂ ಬೈದಳು. ಪಡುವಣ ಕಡೆ ನಾವು ಕೆರೆಯೋದಿಲ್ಲ" ಎಂದು ಸಾರಿದ. ದೊಡ್ಡಯ್ಯನಿಗೆ ಎಚ್ಚರವಾಯಿತು. "ಆಗಲಿ" ಎಂದು ತಲೆಯಾಡಿಸಿದ.

ಬಿಲಕ್ಕೆ ಬಂದಮೇಲೆ ಸುಬ್ಬಿ ಮೆಲ್ಲಗೆ ಹೇಳಿದಳು. "ರೀ, ಉಳಿದವರ ವಿಷಯ ಬಿಡಿ. ನಮ್ಮ ಬಿಲದ ಮುಂದಾದರೂ ಕೆರೆಯೋಣ. ಮರಿಗಳಿಗೆ ಇನ್ನೂ ಓಡೋಕೆ ಬರಲ್ಲ."

"ನಾನೇ ಕೆರೆದರೆ ಅವನು ಮಾಡಿಸಿದ್ದು ಸರಿ ಅಂತ ಒಪ್ಪಿದ ಹಾಗಲ್ವೇನೆ? ನಾಳೆ ಬಂಡೆ ಹತ್ತಿ ಏನಂತ ಊಳಿಡಲಿ?" ಎಂದ ಕೆಂಚಪ್ಪ.

ಪಡುವಣದ ಹುಲ್ಲು ಮೊಣಕಾಲೆತ್ತರ ಒಣಗಿ ನಿಂತಿತು. ಒಂದು ಮುಸ್ಸಂಜೆ ಅದೇ ದಿಕ್ಕಿನಿಂದ ಬೆಂಕಿ ಬಂತು. ಬಂಡೆಯ ಮೇಲಿದ್ದ ಕೆಂಚಪ್ಪ ಅದನ್ನು ಕಂಡ. ಸಹಾಯಕ್ಕಾಗಿ ಗಂಟಲು ಹರಿಯುವಂತೆ ಊಳಿಟ್ಟ.

ಆಗ ಏನಾಯಿತು ಗೊತ್ತೇ? ಕಾಡಿನ ನರಿಗಳೆಲ್ಲ ಕೂತಲ್ಲಿಂದಲೇ ದನಿ ಸೇರಿಸಿದವು. "ಇವತ್ತು ದೊಡ್ಡಯ್ಯನಿಗೆ ಚೆನ್ನಾಗಿ ಬೈತಿದ್ದಾನೆ" ಎಂದು ಒಂದು ಮೆಚ್ಚಿಕೊಂಡಿತು. ಒಬ್ಬರೂ ಎದ್ದು ಬರಲಿಲ್ಲ. ಕೆಂಚಪ್ಪ ಹೆಚ್ಚು ಕೂಗಿದಷ್ಟೂ ಅವು ಹೆಚ್ಚು ಕೂಗಿದವು.

ಮುಳ್ಳುಹಂದಿಯಜ್ಜಿ ಮಾತ್ರ ಕಿವಿ ನಿಮಿರಿಸಿದಳು. "ಇದು ಬೈಗುಳದ ದನಿ ಅಲ್ಲ" ಎಂದವಳೇ ಓಡಿಹೋಗಿ, ಮಲಗಿದ್ದ ದೊಡ್ಡಯ್ಯನ ಪಕ್ಕೆಗೆ ಮುಳ್ಳು ಚುಚ್ಚಿದಳು. "ನೀನು ತಲೆಯಾಡಿಸಿದ ಕಡೆಯಿಂದಲೇ ಬೆಂಕಿ ಬಂದಿದೆ. ಏಳು."

ದೊಡ್ಡಯ್ಯ ತನ್ನ ಹಿಂಡಿನೊಂದಿಗೆ ನುಗ್ಗಿ ಬಂದ. ಕೆಂಚಪ್ಪನ ಬಿಲದ ಮುಂದಿನಿಂದ ಹಿಡಿದು ಪಡುವಣದ ಉದ್ದಕ್ಕೂ ಹುಲ್ಲನ್ನು ಕೊಂಬಿನಿಂದ ಕಿತ್ತರು, ಗೊರಸಿನಿಂದ ತುಳಿದರು. ದೊಡ್ಡಯ್ಯನ ಕಾಲಿನ ಕೂದಲು ಸುಟ್ಟಿತು. ಆದರೂ ಅವನು ಹಿಂದೆ ಸರಿಯಲಿಲ್ಲ. ಬೆಂಕಿ ಬರಿಮಣ್ಣಿನ ತನಕ ಬಂದು ನಿಂತಿತು. ಬಿಲದೊಳಗೆ ಸುಬ್ಬಿ ಮರಿಗಳ ಮೇಲೆ ಬೋರಲು ಬಿದ್ದಿದ್ದಳು. ಮೂವರೂ ಬದುಕಿದ್ದರು. ಬಂಡೆಯಿಂದ ಓಡಿಬಂದ ಕೆಂಚಪ್ಪನ ಬಾಲಕ್ಕೆ ಮಾತ್ರ ಕಿಡಿ ತಗುಲಿತ್ತು.

ಮರುದಿನ ಬೆಳಿಗ್ಗೆ ಎಲ್ಲರೂ ಅಲ್ಲಿ ಸೇರಿದರು. ಬಾಲ ಸುಟ್ಟ ಕೆಂಚಪ್ಪ ಬಂಡೆ ಹತ್ತಿದ. ನಾಚಿಕೆಪಟ್ಟನೆಂದುಕೊಂಡಿರಾ? ಅವನಿಗೆಲ್ಲಿಯ ನಾಚಿಕೆ.

"ಗಾಳಿ ತಿರುಗಿತು, ಬೆಂಕಿ ಆರಿತು. ದೊಡ್ಡಯ್ಯ ಬಂದು ಸುಮ್ಮನೆ ಹುಲ್ಲು ತುಳಿದು ಹೆಸರು ಹೊಡೆದುಕೊಂಡ" ಎಂದ.

ಸುಬ್ಬಿ ಬಿಲದಿಂದ ಹೊರಗೆ ಬಂದಳು. "ಗಾಳಿ ತಿರುಗಿದ್ದರೆ, ಬೆಳಗಾಗೋ ತನಕ ಮರಿಗಳನ್ನ ಅಪ್ಪಿಕೊಂಡು ಆ ತುಳಿದ ಮಣ್ಣಿನ ಮೇಲೇ ಯಾಕ್ರೀ ಮಲಗಿದ್ರಿ? ಬಿಲದ ಹಿಂದಿನ ಹುಲ್ಲಿನಲ್ಲಿ ಮಲಗಬಹುದಿತ್ತಲ್ಲ" ಎಂದಳು.

ಕೆಂಚಪ್ಪ ಸುಟ್ಟ ಬಾಲವನ್ನು ನೆಕ್ಕತೊಡಗಿದ.

ಅಜ್ಜಿ ದೊಡ್ಡಯ್ಯನ ಕಡೆ ತಿರುಗಿದಳು. "ಕಾಡು ಉಳಿಸಿದವನು ನೀನೇ, ಒಪ್ಪಿದೆ. ನಿದ್ದೆಗಣ್ಣಲ್ಲಿ ತಲೆಯಾಡಿಸಿದವನೂ ನೀನೇ. ಈಗ ಹೇಳು, ನನ್ನ ಬಿಲ ಯಾವಾಗ?" ದೊಡ್ಡಯ್ಯ ತಲೆ ತಗ್ಗಿಸಿ, ಆಗಲೇ ಹೋಗಿ ಅವಳ ಬಿಲದ ಮಣ್ಣು ತೆಗೆಯತೊಡಗಿದ.

ಇದನ್ನು ಕಂಡು ಕೆಂಚಪ್ಪನಿಗೆ ತಡೆಯಲಾಗಲಿಲ್ಲ. ಬೇರೇನೂ ತೋಚದೆ ಮೂತಿ ಎತ್ತಿ ಊಳಿಟ್ಟ. ಉಳಿದವು ದನಿ ಸೇರಿಸಲೆಂದು ಕಾದ. ಯಾವುದೂ ಬಾಯಿ ತೆರೆಯಲಿಲ್ಲ. ಕೊನೆಗೆ ಒಂದು ಮುದಿ ನರಿ, ಹುಟ್ಟಿದಂದಿನಿಂದ ಕೇಳದಿದ್ದ ಮಾತನ್ನು ಕೇಳಿತು.

"ಯಾಕೆ?"

ಕೆಂಚಪ್ಪ ತೆರೆದ ಬಾಯಿಯನ್ನು ಮುಚ್ಚಿಕೊಂಡು ಬಂಡೆಯಿಂದ ಇಳಿದ. ಕೆಳಗೆ ಸುಬ್ಬಿ ಆಗಲೇ ಉಳಿದ ಹುಲ್ಲು ಕೆರೆಯುತ್ತಿದ್ದಳು. ಅವನೂ ಅವಳ ಪಕ್ಕದಲ್ಲಿ ಕೆರೆಯತೊಡಗಿದ.

ನೀತಿ: ನಾಯಕನ ತಪ್ಪನ್ನು ತಪ್ಪೆಂದು ಹೇಳಬೇಕು, ಅವನು ಮಾಡಿದ ಒಳ್ಳೆಯದನ್ನು ಒಳ್ಳೆಯದೆಂದೂ ಒಪ್ಪಬೇಕು, ಎಲ್ಲದಕ್ಕೂ ಬೈಯುವವನು ನಿಜವಾಗಿ ಕೂಗಿದ ದಿನ ಆ ಕೂಗೂ ಬೈಗುಳದಂತೆಯೇ ಕೇಳಿಸುತ್ತದೆ.