ಸಾವಿನ ಮನೆ ಮುಂದೆ ಕೈಕೊಡುವ ಕಾರು

ಸೊಸೈಟಿ ಚೇರ್ಮನ್ ಗುರುಸಿದ್ದಪ್ಪನವರ ಹಳೇ ಕಾರಿಗೆ ಒಂದು ವಿಚಿತ್ರ ರೋಗವಿತ್ತು. ಮದುವೆ ಮನೆಯಿಂದ ಹೊರಟರೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು. ಸಾವಿನ ಮನೆಯಿಂದ ಹೊರಟರೆ ಮಾತ್ರ ಜಪ್ಪಯ್ಯ ಅಂದರೂ ಇಲ್ಲ. ಅತ್ತು ಸುಸ್ತಾದವರೇ ಎದ್ದು ಬಂದು ತಳ್ಳಬೇಕು.

"ಎಲ್ಲಾ ನಿನ್ನ ಕಾಲ್ಗುಣ ಕಣಯ್ಯಾ," ಎಂದು ಚೇರ್ಮನ್ನರು ಡ್ರೈವರ್ ಮೇಲೆ ಹರಿಹಾಯ್ದರು. "ನಾಳೆ ಮಾನಪ್ಪ ಮೇಷ್ಟ್ರು ತೀರಿಕೊಂಡ ಮನೆಗೆ ಹೋಗಬೇಕು. ಅಲ್ಲೂ ಕಾರು ಕೈಕೊಟ್ಟರೆ ನಿನಗೆ ಕೆಲಸ ಇಲ್ಲ."

ಡ್ರೈವರ್ ಕೈಕಟ್ಟಿ ನಿಂತು ಹೇಳಿದ: "ಇಂಜಿನ್ ಕಾದಿದ್ದರೆ ಪೆಟ್ರೋಲ್ ಕೊಳವೇಲೇ ಆವಿಯಾಗಿ ಕಟ್ಟಿಕೊಂಡುಬಿಡುತ್ತೆ ಸಾಹೇಬ್ರೆ. ತಣ್ಣಗಾಗೋಕೆ ಮುಕ್ಕಾಲು ಗಂಟೆ ಬೇಕು. ಮದುವೇಲಿ ನೀವು ಊಟ ಮುಗಿಸಿ ಏಳ್ತೀರಿ. ಸಾವಿನ ಮನೇಲಿ ಹಾರ ಹಾಕಿ ಹತ್ತೇ ನಿಮಿಷಕ್ಕೆ ಬಂದ್ಬಿಡ್ತೀರಿ."

ಚೇರ್ಮನ್ನರ ಮುಖ ಕಪ್ಪಿಟ್ಟಿತು.

ಮಾರನೇ ದಿನ ಅವರು ಮೇಷ್ಟ್ರ ಹೆಂಡತಿಯ ಎದುರು ಚಾಪೆಯ ಮೇಲೆ, ಗಡಿಯಾರ ನೋಡುತ್ತ ಕೂತರು. ಆಕೆ ಗಂಡನ ಕೊನೆಯ ದಿನಗಳನ್ನೆಲ್ಲ ಹೇಳಿಕೊಂಡು ಅತ್ತಳು. ಆಕೆಯ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ಅವರು ಗಡಿಯಾರ ನೋಡುವುದನ್ನು ಬಿಟ್ಟಿದ್ದರು. ಹೊರಟಾಗ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

ಪೆಟ್ರೋಲ್ ಕೊಳವೆಗೆ ಒದ್ದೆ ಬಟ್ಟೆ ಸುತ್ತಿದ್ದರೆ ಐದೇ ನಿಮಿಷ ಸಾಕಿತ್ತು. ಅದು ಡ್ರೈವರ್‌ಗೂ ಗೊತ್ತಿತ್ತು. ಬಟ್ಟೆ ಅವನ ಸೀಟಿನ ಕೆಳಗೇ ಇತ್ತು.

ಹೋದ ವರ್ಷ ಅವನ ತಾಯಿ ಸತ್ತಾಗ ಚೇರ್ಮನ್ನರು ಕಾರಿನಿಂದ ಇಳಿದಿರಲಿಲ್ಲ. ಹಾರವನ್ನು ಕಿಟಕಿಯಿಂದಲೇ ಅವನ ಕೈಗೆ ಕೊಟ್ಟು ಹೋಗಿದ್ದರು.